ಕೆಲಸ ಚೆನ್ನಾಗೇ ನಡೆಯುತ್ತಿದೆ, ಆದರೂ ಬರ್ನ್‌ಔಟ್ ಆಗಿರಬಹುದೇ? ಗುರುತಿಸುವ ಬಗೆ

ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಸವಳಿಯುವುದು, ಆದರೆ ಮೊದಲು ಕೆಲಸ ಕೆಡುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಚೆನ್ನಾಗಿ ಕೆಲಸ ಮಾಡುವವರಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ. ಅವರಲ್ಲಿ ಕೆಲಸ ಕೊನೆಗೆ ಕೆಡುತ್ತದೆ. ಅದಕ್ಕೂ ಎಷ್ಟೋ ತಿಂಗಳು ಮೊದಲೇ ನಿದ್ದೆ ಕೆಟ್ಟಿರುತ್ತದೆ, ಊಟದ ಹೊತ್ತು ತಪ್ಪಿರುತ್ತದೆ, ಮನೆಯವರ ಜೊತೆ ಮಾತು ಕಡಿಮೆಯಾಗಿರುತ್ತದೆ, ಗೆಳೆಯರ ಫೋನ್ ಎತ್ತುವುದು ನಿಂತಿರುತ್ತದೆ. ಆಫೀಸಿನಲ್ಲಿ ಮಾತ್ರ ಎಲ್ಲ ಸರಿಯಾಗಿಯೇ ಕಾಣುತ್ತದೆ. ಅಪ್ರೈಸಲ್‌ನಲ್ಲಿ ಒಳ್ಳೆಯ ರೇಟಿಂಗ್ ಕೂಡ ಬಂದಿರುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆ ವ್ಯಕ್ತಿಗೂ ಬರುವುದಿಲ್ಲ.

ಈ ಬರಹ ಅಂಥವರಿಗಾಗಿ. ಬೆಂಗಳೂರಿನ ಔಟರ್ ರಿಂಗ್ ರೋಡ್‌ನಲ್ಲೋ ವೈಟ್‌ಫೀಲ್ಡ್‌ನಲ್ಲೋ ಟೀಮ್ ನಡೆಸುವವರು, ಜುಲೈ ಮತ್ತು ಸೆಪ್ಟೆಂಬರ್ ತಿಂಗಳನ್ನು ಆಡಿಟ್ ಫೈಲುಗಳ ನಡುವೆಯೇ ಕಳೆಯುವ ಸಿಎಗಳು, ಡ್ಯೂಟಿ ಮುಗಿದ ಮೇಲೂ ವಾರ್ಡ್ ಬಿಡಲಾಗದ ಪಿಜಿ ಡಾಕ್ಟರುಗಳು, ಮಾರ್ಚ್ ಟಾರ್ಗೆಟ್ ಹೊತ್ತ ಬ್ಯಾಂಕ್ ಮ್ಯಾನೇಜರುಗಳು. ಜೊತೆಗೆ ಅವರ ಗಂಡ, ಹೆಂಡತಿ, ಅಣ್ಣ, ತಂಗಿ, ಮ್ಯಾನೇಜರ್ ಕೂಡ ಓದಲಿ ಎಂಬ ಆಸೆ ನನ್ನದು. ಯಾಕೆಂದರೆ ಇದನ್ನು ಮೊದಲು ನೋಡುವವರು ಹೆಚ್ಚಾಗಿ ಪಕ್ಕದಲ್ಲಿರುವವರೇ.

ಒಂದು ಹಳೆಯ ಸಂಗತಿ ಇಲ್ಲಿ ಹೇಳಲೇಬೇಕು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನೋವಿಜ್ಞಾನಿ ಬರ್ನ್‌ಔಟ್ ಬಗ್ಗೆ ಬರೆದರು. ನ್ಯೂಯಾರ್ಕ್‌ನ ಉಚಿತ ಕ್ಲಿನಿಕ್ ಒಂದರಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅವರು ನೋಡಿದ್ದು ಸೋಮಾರಿಗಳನ್ನಲ್ಲ. ಹಗಲು ಬೇರೆ ಕೆಲಸ ಮಾಡಿ, ಸಂಜೆ ಕ್ಲಿನಿಕ್‌ಗೆ ಬಂದು ಮನಸಾರೆ ದುಡಿಯುತ್ತಿದ್ದವರನ್ನು. ಕೆಲಸವನ್ನು ಎಲ್ಲರಿಗಿಂತ ಹಚ್ಚಿಕೊಂಡವರೇ ಮೊದಲು ಕುಸಿದರು. ತಮ್ಮನ್ನೂ ಸೇರಿಸಿಯೇ ಅವರು ಹಾಗೆ ಬರೆದರು. ಈ ತೊಂದರೆ ಮೊದಲಿನಿಂದಲೂ ಚೆನ್ನಾಗಿ ಕೆಲಸ ಮಾಡುವವರದ್ದೇ.

ಹೆಜ್ಜೆ 1: ಏನನ್ನು ಹುಡುಕಬೇಕು ಎಂದು ಮೊದಲು ತಿಳಿದುಕೊಳ್ಳಿ

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತನ್ನ ರೋಗಗಳ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಬರ್ನ್‌ಔಟ್ ಅನ್ನು ಹೀಗೆ ವಿವರಿಸಿದೆ: ಕೆಲಸದ ಜಾಗದ ಒತ್ತಡ ಬಹಳ ಕಾಲ ಹಾಗೇ ಉಳಿದು, ಅದನ್ನು ಸರಿಯಾಗಿ ನಿಭಾಯಿಸಲು ಆಗದಿದ್ದಾಗ ಉಂಟಾಗುವ ಸ್ಥಿತಿ. ಅದನ್ನು ಕಾಯಿಲೆ ಎಂದು ಎಣಿಸಿಲ್ಲ, ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದೇ ಅಲ್ಲಿ ಹೇಳಿದೆ. ಅದಕ್ಕೆ ಮೂರು ಮುಖ. ಒಂದು, ಶಕ್ತಿಯೆಲ್ಲ ಬಸಿದುಹೋದಂಥ ಸುಸ್ತು. ಎರಡು, ಕೆಲಸದಿಂದ ಮನಸ್ಸು ದೂರವಾಗುವುದು, ಅದರ ಬಗ್ಗೆ ಬೇಸರ, ಕಹಿ. ಮೂರು, ‘ನನ್ನ ಕೈಲಿ ಆಗುತ್ತಿಲ್ಲ’ ಎಂಬ ಭಾವನೆ.

ಚೆನ್ನಾಗಿ ಕೆಲಸ ಮಾಡುವವರು ಈ ಮೂರಕ್ಕೂ ಸಮರ್ಥನೆ ಸಿದ್ಧ ಮಾಡಿಟ್ಟುಕೊಂಡಿರುತ್ತಾರೆ. ಸುಸ್ತಿಗೆ ‘ಈ ರಿಲೀಸ್ ಮುಗಿದರೆ ಸರಿಹೋಗುತ್ತೆ’. ಕಹಿಗೆ ‘ನಾನು ಪ್ರಾಕ್ಟಿಕಲ್ ಆಗಿ ಮಾತಾಡ್ತೀನಿ ಅಷ್ಟೇ’. ಕೈಲಾಗದ ಭಾವನೆಗೆ ‘ಇನ್ನೂ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು’. ಮೂರನೆಯದ್ದೇ ಎಲ್ಲಕ್ಕಿಂತ ಅಪಾಯದ್ದು. ಕೆಲಸ ಸಾಗುತ್ತಿಲ್ಲ ಅನ್ನಿಸಿದಾಗ ಇವರು ನಿಲ್ಲುವುದಿಲ್ಲ, ಇನ್ನೂ ಎರಡು ಗಂಟೆ ಸೇರಿಸುತ್ತಾರೆ.

ಹೆಜ್ಜೆ 2: ಗಂಟೆಗಳನ್ನು ಪ್ರಾಮಾಣಿಕವಾಗಿ ಕೂಡಿಸಿ

‘ನಾನು ಅಷ್ಟೇನೂ ಕೆಲಸ ಮಾಡಲ್ಲ’ ಎನ್ನುವವರು ಒಮ್ಮೆ ಪೆನ್ನು ಹಿಡಿದು ಲೆಕ್ಕ ಹಾಕಿ. ಒಬ್ಬ ಟೀಮ್ ಲೀಡ್‌ನ ವಾರ ನೋಡೋಣ. ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ಏಳು, ನಡುವೆ ಅರ್ಧ ಗಂಟೆ ಊಟ. ಐದು ದಿನಕ್ಕೆ 45 ಗಂಟೆ. ಅಮೆರಿಕದವರ ಜೊತೆ ರಾತ್ರಿ ಕಾಲ್ ವಾರಕ್ಕೆ ನಾಲ್ಕು, ಒಂದೊಂದು ಒಂದೂವರೆ ಗಂಟೆ. ಅಲ್ಲಿಗೆ 51. ಭಾನುವಾರ ಸಂಜೆ ‘ಸುಮ್ನೆ ನಾಳೆಗೆ ರೆಡಿ ಮಾಡ್ಕೊಳ್ತೀನಿ’ ಎಂದು ಲ್ಯಾಪ್‌ಟಾಪ್ ತೆಗೆದದ್ದು ಮೂರು ಗಂಟೆ. 54. ದಿನಾ ಬೆಳಿಗ್ಗೆ ಹಾಸಿಗೆಯಲ್ಲೇ ಮೇಲ್ ನೋಡುವ ಇಪ್ಪತ್ತು ನಿಮಿಷ, ಆರು ದಿನಕ್ಕೆ ಎರಡು ಗಂಟೆ. 56 ಆಯಿತು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತ ಹೊತ್ತು ಇದರಲ್ಲಿ ಸೇರಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಒಟ್ಟಿಗೆ ಒಂದು ಅಧ್ಯಯನ ಪ್ರಕಟಿಸಿದವು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುವವರಿಗೆ ಪಾರ್ಶ್ವವಾಯು ಆಗುವ ಅಪಾಯ ಸುಮಾರು 35 ಪರ್ಸೆಂಟ್ ಹೆಚ್ಚು. ಹೃದಯದ ರಕ್ತನಾಳದ ಕಾಯಿಲೆಯಿಂದ ಸಾಯುವ ಅಪಾಯ 17 ಪರ್ಸೆಂಟ್ ಹೆಚ್ಚು. ನಮ್ಮ ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರಲ್ಲೇ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಎಂಬ ಮಿತಿ ಹಾಕಿದೆ. ವಾರಕ್ಕೆ 70 ಗಂಟೆ ದುಡಿಯಬೇಕು ಎಂಬ ಮಾತು 2023ರ ಅಕ್ಟೋಬರ್‌ನಲ್ಲಿ ಇದೇ ಬೆಂಗಳೂರಿನಿಂದ ಹೊರಟು ದೇಶವೆಲ್ಲ ಸುತ್ತಿತು. ದೇಹಕ್ಕೆ ಅದು ಒಪ್ಪುವ ಮಾತಲ್ಲ ಎಂದೇ ನಾನು ಹೇಳುತ್ತೇನೆ.

ಆದರೆ ಗಂಟೆಯೊಂದರಿಂದಲೇ ತೀರ್ಮಾನಕ್ಕೆ ಬರಬೇಡಿ. 60 ಗಂಟೆ ದುಡಿದೂ ಚೆನ್ನಾಗಿರುವವರಿದ್ದಾರೆ. 42 ಗಂಟೆಗೇ ಬಸವಳಿದವರೂ ಇದ್ದಾರೆ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ಹೆಜ್ಜೆ 3: ಎರಡು ವಾರ ಒಂದು ನೋಟ್‌ಬುಕ್ ಇಡಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಕೆಲಸ ಮಾಡುವಷ್ಟು ವ್ಯವಧಾನ ನಿಮಗಿದ್ದರೆ, ಇದನ್ನೇ ಮಾಡಿ. ಆ್ಯಪ್ ಬೇಡ. ಮಕ್ಕಳ ಹಳೆಯ ನೋಟ್‌ಬುಕ್ ಸಾಕು. ರಾತ್ರಿ ಮಲಗುವ ಮುಂಚೆ ಐದು ಸಾಲು. ಎಷ್ಟು ಹೊತ್ತಿಗೆ ಮಲಗಿ ಎಷ್ಟು ಹೊತ್ತಿಗೆ ಎದ್ದಿರಿ, ನಡುವೆ ಎಚ್ಚರವಾಯಿತಾ. ಎದ್ದ ಕೂಡಲೇ ಮನಸ್ಸಿಗೆ ಬಂದದ್ದೇನು. ಊಟ ತಿಂಡಿ ಯಾವಾಗ, ಎಲ್ಲಿ ಕೂತು. ಯಾರ ಮೇಲಾದರೂ ರೇಗಿದಿರಾ, ಯಾವ ವಿಷಯಕ್ಕೆ. ಇವತ್ತು ಇಷ್ಟಪಟ್ಟು ಮಾಡಿದ್ದು ಯಾವುದು. ಕೆಲಸ ಎಷ್ಟಾಯಿತು ಎಂದು ಬರೆಯಬೇಡಿ. ಅದನ್ನು ಬರೆದರೆ ನಿಮ್ಮ ಕಣ್ಣು ಮತ್ತೆ ಅಲ್ಲಿಗೇ ಹೋಗುತ್ತದೆ.

ಒಂದು ಪುಟ ಹೀಗಿರಬಹುದು: ‘ಮಂಗಳವಾರ. ರಾತ್ರಿ 12:40ಕ್ಕೆ ಮಲಗಿದ್ದು. 3:30ಕ್ಕೆ ಎಚ್ಚರ, ರಿಲೀಸ್ ನೆನಪಾಯಿತು, ಆಮೇಲೆ ನಿದ್ದೆ ಬರಲಿಲ್ಲ. ಎದ್ದಾಗ ಎದೆ ಭಾರ. ತಿಂಡಿ ಇಲ್ಲ, ಕಾಫಿ ಎರಡು. ಮಧ್ಯಾಹ್ನದ ಡಬ್ಬಿ ಸಂಜೆ 4ಕ್ಕೆ, ಕಾಲ್‌ನಲ್ಲಿ ಮ್ಯೂಟ್ ಮಾಡಿಕೊಂಡು ತಿಂದದ್ದು. ಮಗಳ ಮೇಲೆ ರೇಗಿದೆ, ಶೂ ಲೇಸ್ ಕಟ್ಟಿಕೊಳ್ಳಲು ತಡ ಮಾಡಿದಳೆಂದು. ಇಷ್ಟಪಟ್ಟು ಮಾಡಿದ್ದು: ಏನೂ ಇಲ್ಲ.’

ಒಂದು ದಿನ ಇಂಥ ಪುಟ ಬಂದರೆ ಏನೂ ಆಗಿಲ್ಲ. ಎಲ್ಲರಿಗೂ ಅಂಥ ದಿನ ಬರುತ್ತದೆ. ಹದಿನಾಲ್ಕು ಪುಟಗಳನ್ನು ಒಟ್ಟಿಗೆ ಓದಿ. ಕೊನೆಯ ಸಾಲಿನಲ್ಲಿ ‘ಏನೂ ಇಲ್ಲ’ ಎಂದು ಎಷ್ಟು ಸಲ ಬಂದಿದೆ? ಬೆಳಗಿನ ಜಾವ ಮೂರು ನಾಲ್ಕು ಗಂಟೆಗೆ ಎಷ್ಟು ಸಲ ಎಚ್ಚರವಾಗಿದೆ? ರೇಗಿದ ವಿಷಯಗಳು ಎಷ್ಟು ಚಿಕ್ಕವು? ಈ ಮೂರು ಪ್ರಶ್ನೆಗೆ ಉತ್ತರ ಪುಟದ ಮೇಲೇ ಇರುತ್ತದೆ. ವಾದ ಮಾಡಲು ಜಾಗ ಇರುವುದಿಲ್ಲ. ಲೆಕ್ಕ, ಡೇಟಾ ನಂಬುವ ಜನಕ್ಕೆ ಇದು ಒಪ್ಪುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಭಾನುವಾರದ ಪುಟವನ್ನು ಬೇರೆಯಾಗಿ ನೋಡಿ. ಭಾನುವಾರ ಮಧ್ಯಾಹ್ನದ ಊಟ ಆದ ಮೇಲಿಂದಲೇ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದಾ? ಅಲಾರಂ ಹೊಡೆಯುವ ಮೊದಲೇ ‘ಇವತ್ತು ಜ್ವರ ಬರಬಾರದಾ’ ಅನ್ನಿಸುತ್ತದಾ? ಕಾಯಿಲೆ ಬಿದ್ದರಾದರೂ ರಜೆ ಸಿಗುತ್ತದೆ ಎಂದು ಆಸೆಪಡುವುದು ದೊಡ್ಡ ಗುರುತು. ಇದನ್ನು ಜನ ಯಾರಿಗೂ ಹೇಳುವುದಿಲ್ಲ, ನೋಟ್‌ಬುಕ್ಕಿಗಾದರೂ ಹೇಳಿ.

ಹೆಜ್ಜೆ 4: ಬರೀ ಸುಸ್ತಾ, ಬರ್ನ್‌ಔಟಾ?

ಸುಸ್ತು ನಿದ್ದೆ ಮಾಡಿದರೆ ಹೋಗುತ್ತದೆ. ಎರಡು ರಾತ್ರಿ ಚೆನ್ನಾಗಿ ಮಲಗಿ, ಒಂದು ಲಾಂಗ್ ವೀಕೆಂಡ್ ಕಳೆದು ಬಂದರೆ ಮನಸ್ಸು ಹಗುರಾಗುತ್ತದೆ, ಕೆಲಸಕ್ಕೆ ಮತ್ತೆ ಹುಮ್ಮಸ್ಸು ಬರುತ್ತದೆ. ಬರ್ನ್‌ಔಟ್‌ನಲ್ಲಿ ಹಾಗಾಗುವುದಿಲ್ಲ. ನಾಲ್ಕು ದಿನ ಮಡಿಕೇರಿಗೆ ಹೋಗಿ ಬಂದರೂ ಸೋಮವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋಗುವ ಮುಂಚೆ ಇದ್ದ ಸ್ಥಿತಿಯಲ್ಲೇ ಇರುತ್ತೀರಿ.

ರಜೆಯನ್ನು ಹೇಗೆ ಕಳೆದಿರಿ ಎನ್ನುವುದನ್ನೂ ಗಮನಿಸಿ. ರಜೆಯ ಮೊದಲ ದಿನವೇ ತಲೆನೋವು, ನೆಗಡಿ, ಮೈಕೈ ನೋವು ಬಂತಾ? ಹಿಡಿದಿಟ್ಟುಕೊಂಡು ದುಡಿಯುವವರಲ್ಲಿ ಇದು ಬಹಳ ಸಾಮಾನ್ಯ. ಮನೆಯವರೆಲ್ಲ ಅಬ್ಬಿ ಫಾಲ್ಸ್ ನೋಡಲು ಇಳಿದಾಗ ನೀವು ಸಿಗ್ನಲ್ ಹುಡುಕಿಕೊಂಡು ಕಾರಿನ ಹತ್ತಿರವೇ ನಿಂತಿರಾ? ಕೆಲಸ ಇರಲಿಲ್ಲ, ಆದರೂ ಮನಸ್ಸು ಅಲ್ಲೇ ಇತ್ತು ಅಂದರೆ ರಜೆ ತೆಗೆದುಕೊಂಡದ್ದು ದೇಹ ಮಾತ್ರ.

ಹೆಜ್ಜೆ 5: ನಿಮ್ಮ ಮಾತನ್ನು ನೀವೇ ಕೇಳಿಸಿಕೊಳ್ಳಿ

ಕಹಿ ಮೊದಲು ಕಾಣುವುದು ಮಾತಿನಲ್ಲಿ. ಮೊದಲು ಜೂನಿಯರ್ ಬರೆದ ಕೋಡ್‌ಗೆ ಉದ್ದುದ್ದ ಕಾಮೆಂಟ್ ಬರೆದು, ಯಾಕೆ ಹೀಗೆ ಮಾಡಬಾರದು ಎಂದು ವಿವರಿಸುತ್ತಿದ್ದವರು ಈಗ ಎಲ್ಲದಕ್ಕೂ ‘ಎಲ್‌ಜಿಟಿಎಂ’ (ಲುಕ್ಸ್ ಗುಡ್ ಟು ಮಿ, ಅಂದರೆ ‘ಸರಿಯಾಗಿದೆ’) ಎಂದು ಹಾಕಿ ಮುಗಿಸುತ್ತಾರೆ. ಹೊರಗಿನಿಂದ ನೋಡಿದರೆ ರಿವ್ಯೂ ಬೇಗ ಆಗುತ್ತಿದೆ. ಎಷ್ಟು ಚೆನ್ನಾಗಿದೆ ಅನ್ನಿಸುತ್ತದೆ. ನಿಜವಾಗಿ ಆಗಿರುವುದು ಏನೆಂದರೆ ಅವರಿಗೆ ಆ ಕೋಡ್ ಹೇಗಿದ್ದರೂ ಈಗ ಪರವಾಗಿಲ್ಲ.

ಡಾಕ್ಟರಾದರೆ ‘ಚಿಕ್ಕಮಗಳೂರಿನಿಂದ ಬಂದ ಅಜ್ಜಿ’ ಹೋಗಿ ‘ಬೆಡ್ ನಂಬರ್ 14’ ಆಗುತ್ತದೆ. ಬ್ಯಾಂಕಿನಲ್ಲಿ ಗ್ರಾಹಕರೆಲ್ಲ ‘ಈ ಜನಾನೇ ಹಿಂಗೆ’ ಆಗುತ್ತಾರೆ. ಮೇಷ್ಟರ ಬಾಯಲ್ಲಿ ‘ಈ ಬ್ಯಾಚೇ ಸರಿಯಿಲ್ಲ’ ಎಂಬುದು ಪ್ರತಿ ವರ್ಷವೂ ಬರುತ್ತದೆ. ಹಾಗೆ ಮಾತಾಡುವವರು ಕೆಟ್ಟವರಲ್ಲ. ಮನಸ್ಸು ಇನ್ನು ಮೇಲೆ ಯಾರ ಕಷ್ಟವನ್ನೂ ಒಳಗೆ ಬಿಟ್ಟುಕೊಳ್ಳಲಾರದೆ ಬಾಗಿಲು ಹಾಕಿಕೊಂಡಿರುತ್ತದೆ. ಒಂದು ಕಾಲಕ್ಕೆ ಹೀಗೆ ಮಾತಾಡದ ವ್ಯಕ್ತಿ ಈಗ ದಿನಾ ಹೀಗೇ ಮಾತಾಡುತ್ತಿದ್ದರೆ ಅದನ್ನು ಸ್ವಭಾವ ಎಂದು ತಳ್ಳಿಹಾಕಬೇಡಿ.

ಮನೆಯಲ್ಲಿ ಇದರ ರೂಪ ಬೇರೆ. ಅಲ್ಲಿ ಕಹಿಗಿಂತ ಮೌನ ಜಾಸ್ತಿ. ಮಗ ಸ್ಕೂಲಿನಲ್ಲಿ ನಡೆದದ್ದನ್ನೆಲ್ಲ ಹೇಳುತ್ತಾನೆ, ಉತ್ತರ ‘ಹ್ಞೂಂ’. ‘ಏನು ಅಡುಗೆ ಮಾಡ್ಲಿ?’ ಎಂದರೆ ‘ಏನಾದ್ರೂ ಮಾಡು’. ‘ಎಲ್ಲಿಗೆ ಹೋಗೋಣ?’ ಎಂದರೆ ‘ನೀವೇ ನೋಡಿ’. ಆಫೀಸಿನಲ್ಲಿ ದಿನವಿಡೀ ನೂರು ತೀರ್ಮಾನ ಮಾಡಿ ಬಂದವರಿಗೆ ಮನೆಯಲ್ಲಿ ಸಾರು ಮಾಡಬೇಕೋ ಹುಳಿ ಮಾಡಬೇಕೋ ಎಂದು ಹೇಳುವಷ್ಟೂ ಶಕ್ತಿ ಉಳಿದಿರುವುದಿಲ್ಲ.

ಹೆಜ್ಜೆ 6: ಅದೇ ಕೆಲಸಕ್ಕೆ ಈಗ ಎಷ್ಟು ಹೊತ್ತು ಬೇಕು?

ಫಲಿತಾಂಶದಲ್ಲಿ ಏನೂ ಕಾಣುವುದಿಲ್ಲ ಎಂದೆ. ಆದರೆ ಆ ಫಲಿತಾಂಶಕ್ಕೆ ತೆರುವ ಬೆಲೆಯಲ್ಲಿ ಕಾಣುತ್ತದೆ. ಹೋದ ವರ್ಷ ಒಂದು ಗಂಟೆಯಲ್ಲಿ ಮುಗಿಯುತ್ತಿದ್ದ ಸ್ಟೇಟಸ್ ರಿಪೋರ್ಟ್‌ಗೆ ಈಗ ಮೂರು ಗಂಟೆ. ಒಂದೇ ಮೇಲ್ ಅನ್ನು ನಾಲ್ಕು ಸಲ ಓದಿದರೂ ತಲೆಗೆ ಹೋಗುವುದಿಲ್ಲ. ಕಷ್ಟದ ಕೆಲಸ ಮುಂದಿದ್ದಾಗ ಫೋಲ್ಡರ್ ಜೋಡಿಸುವುದು, ಎಕ್ಸೆಲ್ ಶೀಟ್‌ಗೆ ಬಣ್ಣ ಹಾಕುವುದು. ಕಳಿಸಿದ ಮೇಲೆ ಮತ್ತೆ ತೆಗೆದು ತಪ್ಪಿದೆಯಾ ಎಂದು ನೋಡುವುದು. ಮೀಟಿಂಗ್‌ನಲ್ಲಿ ಹೆಸರು ಕರೆದಾಗ ಬೆಚ್ಚಿಬೀಳುವುದು.

ಹೊರಗೆ ಅದೇ ಗುಣಮಟ್ಟ, ಒಳಗೆ ಮೂರು ಪಟ್ಟು ಶ್ರಮ. ಈ ಅಂತರ ನಿಮಗೆ ಮಾತ್ರ ಗೊತ್ತಿರುತ್ತದೆ. ಹೊಗಳಿಕೆ ಬಂದಾಗ ಖುಷಿಗೆ ಬದಲು ‘ಇವರಿಗೆ ನಿಜ ಗೊತ್ತಾದರೆ?’ ಎಂಬ ಭಯ ಬಂದರೆ ಅದೂ ಇದರ ಜೊತೆಯದ್ದೇ.

ಹೆಜ್ಜೆ 7: ಮನೆಯವರನ್ನು ಕೇಳಿ, ಮನೆಯವರು ಹೇಳಿ

ನಿಮ್ಮನ್ನು ಹತ್ತಿರದಿಂದ ನೋಡುವ ಒಬ್ಬರನ್ನು ಕೂರಿಸಿಕೊಂಡು ಕೇಳಿ: ‘ಆರು ತಿಂಗಳಿಂದ ನಾನು ಬದಲಾಗಿದ್ದೀನಾ? ಏನು ಬದಲಾಗಿದೆ?’ ಉತ್ತರ ಬಂದಾಗ ಸಮಜಾಯಿಷಿ ಕೊಡಬೇಡಿ. ಕೇಳಿಸಿಕೊಳ್ಳಿ, ಅಷ್ಟೇ. ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಇನ್ನು ಮನೆಯವರಿಗೆ ಒಂದು ಮಾತು. ‘ನೀನು ಬರೀ ಆಫೀಸು ಆಫೀಸು ಅಂತೀಯ’ ಎಂದು ಶುರು ಮಾಡಿದರೆ ಅದು ಜಗಳವಾಗಿ ಮುಗಿಯುತ್ತದೆ. ಕಣ್ಣಿಗೆ ಕಂಡದ್ದನ್ನು ಹೇಳಿ: ‘ಕಳೆದ ತಿಂಗಳು ಊರಿಗೆ ಹೋದಾಗ ಅಮ್ಮನ ಹತ್ರ ಹತ್ತು ನಿಮಿಷಾನೂ ಕೂರಲಿಲ್ಲ ನೀನು. ಮೊದಲು ಹೀಗಿರಲಿಲ್ಲ. ರಾತ್ರಿ ಮೂರು ಗಂಟೆಗೆ ಹಾಲ್‌ನಲ್ಲಿ ಓಡಾಡ್ತಿರ್ತೀಯ. ಜಗಳ ಆಡೋಕೆ ಹೇಳ್ತಿಲ್ಲ, ನಂಗೆ ಭಯ ಆಗ್ತಿದೆ.’ ಇಷ್ಟು ಸಾಕು. ಉಪಾಯ ಹೇಳಲು ಹೋಗಬೇಡಿ.

ದೊಡ್ಡವರಲ್ಲೂ ಒಂದು ವಿನಂತಿ. ‘ಇಷ್ಟು ಸಂಬಳ ಬರುತ್ತೆ, ಎಸಿಯಲ್ಲಿ ಕೂತು ಮಾಡೋ ಕೆಲಸ, ಏನಪ್ಪ ಕಷ್ಟ?’ ಎಂದು ಕೇಳಬೇಡಿ. ನೀವು ಬಿಸಿಲಲ್ಲಿ ದುಡಿದು ಓದಿಸಿದ್ದೀರಿ. ಅದು ಅವರಿಗೆ ನೆನಪಿದೆ. ನೆನಪಿರುವುದರಿಂದಲೇ ಅವರು ತಮ್ಮ ಕಷ್ಟವನ್ನು ನಿಮಗೆ ಹೇಳಲಾರದೆ ಒದ್ದಾಡುತ್ತಿರುತ್ತಾರೆ.

ಹೆಜ್ಜೆ 8: ಡಾಕ್ಟರ ಹತ್ತಿರ ಹೋಗಿ

ನೋಟ್‌ಬುಕ್ ನೋಡಿ ‘ಹೌದು, ಏನೋ ಸರಿಯಿಲ್ಲ’ ಅನ್ನಿಸಿದರೆ ಮೊದಲು ನಿಮ್ಮ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ. ಸದಾ ಸುಸ್ತು ಎಂದರೆ ಬರ್ನ್‌ಔಟ್ ಒಂದೇ ಕಾರಣವಲ್ಲ. ಥೈರಾಯ್ಡ್ ಕಡಿಮೆ ಇದ್ದರೆ ಹೀಗಾಗುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದರೆ ಆಗುತ್ತದೆ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ ಸಾಮಾನ್ಯ, ಅದಕ್ಕೂ ಸುಸ್ತು, ಮರೆವು ಬರುತ್ತದೆ. ಶುಗರ್, ಬಿಪಿ, ವಿಟಮಿನ್ ಡಿ ಕೂಡ ನೋಡಿಸಿ. ಜೋರಾಗಿ ಗೊರಕೆ ಹೊಡೆದು, ನಡುವೆ ಉಸಿರು ನಿಂತಂತಾಗುತ್ತದೆ ಎಂದು ಪಕ್ಕದಲ್ಲಿ ಮಲಗುವವರು ಹೇಳಿದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ಎಂಟು ಗಂಟೆ ಮಲಗಿದರೂ ಅದರಲ್ಲಿ ಸುಸ್ತು ಹೋಗುವುದಿಲ್ಲ. ನಲವತ್ತು ದಾಟಿದ ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲದ ಹಾರ್ಮೋನ್ ಏರುಪೇರಿನಿಂದಲೂ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ‘ವರ್ಕ್ ಸ್ಟ್ರೆಸ್’ ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಇವೆಲ್ಲ ಕಣ್ಣಿಗೆ ಬೀಳುವುದೇ ಇಲ್ಲ.

ಖಿನ್ನತೆ ಬೇರೆ, ಬರ್ನ್‌ಔಟ್ ಬೇರೆ. ಆದರೆ ಒಂದರ ಪಕ್ಕದಲ್ಲೇ ಇನ್ನೊಂದಿರುತ್ತದೆ. ಬರ್ನ್‌ಔಟ್ ಶುರುವಾಗುವುದು ಕೆಲಸದ ಸುತ್ತ. ಕೆಲಸ ಮರೆತ ಹೊತ್ತಿನಲ್ಲಿ, ಕ್ರಿಕೆಟ್ ನೋಡುವಾಗಲೋ ತೋಟದಲ್ಲಿ ಓಡಾಡುವಾಗಲೋ, ಸ್ವಲ್ಪವಾದರೂ ಹಗುರ ಅನ್ನಿಸುತ್ತದೆ. ಖಿನ್ನತೆ ಎಲ್ಲ ಕಡೆಗೂ ಹಬ್ಬುತ್ತದೆ. ಎರಡು ವಾರ ಅಥವಾ ಅದಕ್ಕಿಂತ ಜಾಸ್ತಿ, ಹೆಚ್ಚುಕಡಿಮೆ ದಿನಾ, ದಿನದ ಬಹುಪಾಲು ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ತಾನು ಯಾವುದಕ್ಕೂ ಬೇಡದವನು ಅನ್ನಿಸುವುದು ಇದ್ದರೆ ಮನೋವೈದ್ಯರನ್ನು ನೋಡಲೇಬೇಕು. ನೀವೇ ಇದು ಅದಾ ಇದಾ ಎಂದು ತೀರ್ಮಾನಿಸುವ ಅಗತ್ಯವಿಲ್ಲ. ಅದು ಅವರ ಕೆಲಸ. ನೋಟ್‌ಬುಕ್ ಜೊತೆಗೆ ಒಯ್ಯಿರಿ, ಹದಿನೈದು ನಿಮಿಷದ ಭೇಟಿಯಲ್ಲಿ ಅದು ಬಹಳ ಉಪಯೋಗಕ್ಕೆ ಬರುತ್ತದೆ.

‘ಬದುಕಿರೋದೇ ಬೇಡ’ ಎಂಬ ಯೋಚನೆ ಒಂದು ಸಲ ಬಂದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಸಿಗುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಇದನ್ನು ಶುರು ಮಾಡಿತು. ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಅಮೆರಿಕದಲ್ಲಿರುವವರು 988ಕ್ಕೆ ಕರೆ ಮಾಡಬಹುದು.

ಬೆಂಗಳೂರಿನವರಿಗೆ ಬಿಟಿಎಂ ಲೇಔಟ್‌ನಲ್ಲಿ ನಿಮ್ಹಾನ್ಸ್‌ನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ದೊಡ್ಡ ಆಸ್ಪತ್ರೆಯ ಕ್ಯೂ ನೋಡಿ ಹಿಂಜರಿಯುವವರಿಗೆ ಅಲ್ಲಿಗೆ ಹೋಗುವುದು ಸುಲಭ. ಊರಿನ ಕಡೆ ಇರುವವರು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂದು ಕೇಳಿಕೊಳ್ಳಿ.

ಇನ್ಶೂರೆನ್ಸ್ ಬಗ್ಗೆ ಒಂದು ವಿಷಯ ಗೊತ್ತಿರಲಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ವಿಮಾ ಕಂಪನಿಗಳು ದೇಹದ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಕೊಡಬೇಕು. ಹೊರರೋಗಿಯಾಗಿ ಡಾಕ್ಟರನ್ನು ನೋಡಿದ ಖರ್ಚು ಮಾತ್ರ ಬಹಳಷ್ಟು ಪಾಲಿಸಿಗಳಲ್ಲಿ ಸಿಗುವುದಿಲ್ಲ. ನಿಮ್ಮ ಪಾಲಿಸಿ ಓದಿ ನೋಡಿ.

ಹೆಜ್ಜೆ 9: ಎಲ್ಲಿ ಒತ್ತುತ್ತಿದೆ ಎಂದು ಹುಡುಕಿ

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ದಶಕಗಳಿಂದ ಬರ್ನ್‌ಔಟ್ ಬಗ್ಗೆ ಕೆಲಸ ಮಾಡಿದ ಕ್ರಿಸ್ಟಿನಾ ಮ್ಯಾಸ್ಲಾಕ್, ತಮ್ಮ ಜೊತೆಗಾರ ಮೈಕೆಲ್ ಲೀಟರ್ ಜೊತೆ ಸೇರಿ ಆರು ಜಾಗಗಳನ್ನು ಗುರುತಿಸಿದ್ದಾರೆ. ಕೆಲಸದ ಹೊರೆ, ಕೆಲಸದ ಮೇಲೆ ನಿಮಗಿರುವ ಹಿಡಿತ, ಸಿಗುವ ಮನ್ನಣೆ, ಜೊತೆಯ ಜನ, ನ್ಯಾಯ, ಮತ್ತು ನೀವು ನಂಬಿದ ಮೌಲ್ಯ. 42 ಗಂಟೆಗೇ ಬಸವಳಿದವರ ಬಗ್ಗೆ ಮೇಲೆ ಹೇಳಿದೆನಲ್ಲ, ಅವರಿಗೆ ಹೊರೆ ಸಮಸ್ಯೆಯೇ ಅಲ್ಲ. ಮಾಡಿದ್ದನ್ನು ಇನ್ನೊಬ್ಬರು ತಮ್ಮದೆಂದು ತೋರಿಸುತ್ತಿರಬಹುದು. ಪ್ರತಿ ಚಿಕ್ಕ ಬದಲಾವಣೆಗೂ ಮೂವರ ಒಪ್ಪಿಗೆ ಬೇಕಿರಬಹುದು. ಗ್ರಾಹಕನಿಗೆ ಬೇಡದ ಪಾಲಿಸಿಯನ್ನು ತಲೆಗೆ ಕಟ್ಟಬೇಕಾದ ಬ್ಯಾಂಕ್ ಅಧಿಕಾರಿಗೆ ಒತ್ತುವುದು ಗಂಟೆಯಲ್ಲ, ಮನಸ್ಸಾಕ್ಷಿ.

ಆರನ್ನೂ ಬರೆದು, ಒಂದೊಂದೂ ಎಷ್ಟು ಸರಿಯಿದೆ ಎಂದು ಹತ್ತರಲ್ಲಿ ಅಂಕ ಕೊಡಿ. ಎಲ್ಲಕ್ಕಿಂತ ಕಡಿಮೆ ಬಂದ ಒಂದನ್ನು ಹಿಡಿಯಿರಿ. ಹೊರೆ ಸಮಸ್ಯೆಯಾದರೆ ರಜೆಯಿಂದ ಉಪಯೋಗವಿದೆ. ನ್ಯಾಯ ಅಥವಾ ಮೌಲ್ಯ ಸಮಸ್ಯೆಯಾದರೆ ಎಷ್ಟು ರಜೆ ಹಾಕಿದರೂ ಪ್ರಯೋಜನವಿಲ್ಲ. ಆಗ ಟೀಮ್ ಬದಲಿಸುವುದನ್ನೋ ಕೆಲಸ ಬದಲಿಸುವುದನ್ನೋ ಯೋಚಿಸಬೇಕು. ಆದರೆ ನಿದ್ದೆ ಕೆಟ್ಟಿರುವ ವಾರಗಳಲ್ಲಿ ರಾಜೀನಾಮೆ ಬರೆಯಬೇಡಿ. ಹೋಮ್ ಲೋನ್, ಮಕ್ಕಳ ಫೀಸು ಇದ್ದವರಿಗೆ ದುಡುಕಿನ ರಾಜೀನಾಮೆ ಇನ್ನೊಂದು ಚಿಂತೆ ತರುತ್ತದೆ. ಮೊದಲು ನಿದ್ದೆ ಸರಿಯಾಗಲಿ, ಆಮೇಲೆ ತೀರ್ಮಾನ. ಅಮೆರಿಕದಲ್ಲಿ ಎಚ್-1ಬಿ ವೀಸಾದಲ್ಲಿರುವವರಂತೂ ಕೆಲಸ ಬಿಟ್ಟರೆ 60 ದಿನದೊಳಗೆ ಬೇರೆ ದಾರಿ ನೋಡಿಕೊಳ್ಳಬೇಕು. ಅವರು ಮೊದಲು ವೈದ್ಯಕೀಯ ರಜೆಯ ಬಗ್ಗೆ ಕೇಳುವುದೇ ಒಳ್ಳೆಯದು.

ಹೆಜ್ಜೆ 10: ಮ್ಯಾನೇಜರ್ ಜೊತೆ ಮಾತಾಡುವ ಬಗೆ

‘ನಂಗೆ ಬರ್ನ್‌ಔಟ್ ಆಗಿದೆ’ ಎಂದು ಶುರು ಮಾಡಲೇಬೇಕಿಲ್ಲ. ಎಲ್ಲ ಮ್ಯಾನೇಜರುಗಳೂ ಅದನ್ನು ಒಂದೇ ರೀತಿ ತೆಗೆದುಕೊಳ್ಳುವುದಿಲ್ಲ. ಎಷ್ಟು ಹೇಳಬೇಕು ಎನ್ನುವುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೇಳುವುದು ಮಾತ್ರ ಸ್ಪಷ್ಟವಾಗಿರಲಿ: ‘ಈಗ ನನ್ನ ಕೈಲಿ ಮೂರು ಪ್ರಾಜೆಕ್ಟ್ ಇದೆ. ಮೂರನ್ನೂ ಸರಿಯಾಗಿ ಮಾಡೋಕೆ ಆಗ್ತಿಲ್ಲ. ಇದರಲ್ಲಿ ಯಾವುದನ್ನ ಬೇರೆಯವರಿಗೆ ಕೊಡಬಹುದು ಹೇಳಿ. ಮುಂದಿನ ಆರು ವಾರ ರಾತ್ರಿ ಕಾಲ್ ವಾರಕ್ಕೆ ಎರಡಕ್ಕಿಂತ ಜಾಸ್ತಿ ಬೇಡ.’ ಮಾತಾಡಿದ್ದನ್ನು ಅದೇ ದಿನ ಚಿಕ್ಕ ಮೇಲ್‌ನಲ್ಲಿ ಬರೆದು ಕಳಿಸಿ.

ಕಂಪನಿಯಲ್ಲಿ ಕೌನ್ಸೆಲಿಂಗ್ ಸೌಲಭ್ಯ ಇದ್ದರೆ ಬಳಸಿಕೊಳ್ಳಿ. ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿ: ‘ನಾನು ಹೇಳಿದ್ದು ಎಚ್‌ಆರ್‌ಗೆ ಹೋಗುತ್ತಾ?’

ಇನ್ನು ನಿದ್ದೆಯ ಬಗ್ಗೆ ಒಂದು ಮಾತು. ರಾತ್ರಿ ಒಂದು ಪೆಗ್ ಹಾಕಿದರೆ ನಿದ್ದೆ ಬರುತ್ತದೆ ಎಂದು ನೆಚ್ಚಿಕೊಳ್ಳಬೇಡಿ. ಬೇಗ ನಿದ್ದೆ ಬಂದಂತಾಗುತ್ತದೆ, ನಡುರಾತ್ರಿಯ ಮೇಲೆ ಅದೇ ಎಬ್ಬಿಸುತ್ತದೆ. ಕಾಫಿಯ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಆರರ ಫಿಲ್ಟರ್ ಕಾಫಿ ರಾತ್ರಿ ಹನ್ನೊಂದಕ್ಕೂ ಮೈಯಲ್ಲಿರುತ್ತದೆ. ಮಧ್ಯಾಹ್ನ ಎರಡರ ಮೇಲೆ ಬಿಟ್ಟು ನೋಡಿ.

ಮ್ಯಾನೇಜರುಗಳಿಗೆ

ನಿಮ್ಮ ಟೀಮ್‌ನಲ್ಲಿ ಯಾರ ಬಗ್ಗೆ ಚಿಂತೆಯೇ ಇಲ್ಲವೋ ಅವರ ಕಡೆ ಮೊದಲು ನೋಡಿ. ‘ಅವಳಿಗೆ ಕೊಟ್ರೆ ಆಯ್ತು ಬಿಡಿ, ಮುಗಿಸಿಬಿಡ್ತಾಳೆ’ ಎಂದು ಈ ವರ್ಷ ಎಷ್ಟು ಸಲ ಹೇಳಿದ್ದೀರಿ? ಮಾಡುವವರಿಗೇ ಮತ್ತಷ್ಟು ಕೆಲಸ ಬೀಳುವುದು ನಮ್ಮ ಆಫೀಸುಗಳ ಹಳೆಯ ರೂಢಿ. ಅವರ ಗಳಿಕೆ ರಜೆ ಎಷ್ಟು ಹಾಗೇ ಉಳಿದಿದೆ ನೋಡಿ. ಅವರ ಮೇಲ್‌ಗಳು ಎಷ್ಟು ಹೊತ್ತಿಗೆ ಬರುತ್ತಿವೆ ನೋಡಿ. ಮೀಟಿಂಗ್‌ನಲ್ಲಿ ವಾದ ಮಾಡುತ್ತಿದ್ದವರು ಈಗ ‘ಸರಿ’ ಎಂದು ಒಪ್ಪುತ್ತಿದ್ದರೆ ಅದನ್ನು ಒಳ್ಳೆಯ ಬದಲಾವಣೆ ಎಂದು ಎಣಿಸಬೇಡಿ. ಲಂಚ್‌ಗೆ ಎಲ್ಲರ ಜೊತೆ ಬರುತ್ತಿದ್ದವರು ಡೆಸ್ಕ್‌ನಲ್ಲೇ ತಿನ್ನುತ್ತಿದ್ದಾರಾ ಗಮನಿಸಿ.

ಕೇಳುವಾಗ ‘ಎಲ್ಲ ಓಕೆನಾ?’ ಎಂದು ಕೇಳಬೇಡಿ. ಅದಕ್ಕೆ ‘ಹ್ಞಾಂ, ಓಕೆ’ ಎಂಬ ಉತ್ತರ ಬಿಟ್ಟು ಇನ್ನೇನೂ ಬರುವುದಿಲ್ಲ. ‘ನಿಮ್ಮ ತಲೆ ಮೇಲಿಂದ ಒಂದು ಕೆಲಸ ತೆಗೀತೀನಿ, ಯಾವುದು ತೆಗೀಲಿ?’ ಎಂದು ಕೇಳಿ. ಅವರು ‘ಪರವಾಗಿಲ್ಲ, ಮಾಡ್ತೀನಿ’ ಎನ್ನುತ್ತಾರೆ. ಎರಡನೇ ಸಲ ಕೇಳಿ. ಆಗಲೂ ಹೇಳದಿದ್ದರೆ ನೀವೇ ಒಂದನ್ನು ತೆಗೆದು ಇನ್ನೊಬ್ಬರಿಗೆ ಕೊಡಿ. ಅದು ಅವರ ತಪ್ಪಿಗೆ ಶಿಕ್ಷೆ ಅಲ್ಲ ಎಂದು ಟೀಮ್ ಮುಂದೆಯೇ ಹೇಳಿ.

ರಜೆ ಮುಗಿಸಿ ಬಂದವರಿಗೆ ಮೊದಲ ಎರಡು ವಾರ ಆನ್‌-ಕಾಲ್ ಹಾಕಬೇಡಿ. ಅವರಿಲ್ಲದಾಗ ಬಂದ ಎಂಟುನೂರು ಮೇಲ್‌ಗಳಲ್ಲಿ ಓದಲೇಬೇಕಾದ ಹತ್ತನ್ನು ಬೇರೆಯವರು ಆರಿಸಿಡಲಿ. ಉಳಿದದ್ದನ್ನು ಅಳಿಸಿಬಿಡಿ ಎಂದು ನೀವೇ ಬಾಯಿಬಿಟ್ಟು ಹೇಳಿ. ನೀವು ಹೇಳದಿದ್ದರೆ ಅವರು ಮೊದಲ ರಾತ್ರಿಯೇ ಕೂತು ಎಂಟುನೂರನ್ನೂ ಓದುತ್ತಾರೆ.